ಇದ್ದತ್ತಿನ ಮನೆಗೆ ಬಿಪಿ ಮಾತ್ರೆ

ಬಿಪಿ ಮಾತ್ರೆ ಪುಕ್ಕಟೆ ಕೊಡುವ ಯೋಜನೆ ಸರ್ಕಾರದ್ದು. ಅದು ಜನರಿಗೆ ಮುಟ್ಟುತ್ತದೋ ಇಲ್ಲವೋ ಎಂದು ನೋಡುವ ಸಂಶೋಧನೆಯೂ ಸರ್ಕಾರದ ದುಡ್ಡಿನದ್ದೇ. ಪುತ್ತೂರಿನ ತನ್ಮಯೀಗೆ ಅದರಲ್ಲಿ ಕೆಲಸ. ಮಾತ್ರೆ ನಿಲ್ಲಿಸಿದವರ ಮನೆಗೆ ಹೋಗಿ ಯಾಕೆಂದು ಕೇಳಬೇಕು, ಕೇಳಿ ಬರಬೇಕು, ಅಷ್ಟೆ. ನಡುವೆ ಕೈ ಹಾಕಿದರೆ ಯೋಜನೆ ತಾನಾಗಿ ಹೇಗೆ ನಡೆಯುತ್ತದೆ ಎಂಬುದು ತಿಳಿಯುವುದಿಲ್ಲ ಎಂದು ಮೇಲಿನವರು ಮೊದಲೇ ಹೇಳಿಟ್ಟಿದ್ದರು.

ಬೆಳ್ಳಾರೆಯ ಝೈನಬರ ಮನೆಗೆ ಮೊದಲು ಹೋದವನು ಅವಳ ಜೊತೆಗಾರ ಕೀರ್ತನ್. ಬಾಗಿಲು ತೆರೆಯಲೇ ಇಲ್ಲವಂತೆ. ಮಾತ್ರೆಯಲ್ಲಿ ಆಸಕ್ತಿ ಇಲ್ಲ ಎಂದು ಬರೆದು ಬಂದಿದ್ದ ಪುಣ್ಯಾತ್ಮ. ತನ್ಮಯೀಗೆ ಯಾಕೋ ಸಮಾಧಾನವಾಗದೆ ತಾನೇ ಹೋದಳು. ಹೆಣ್ಣಿನ ದನಿ ಕೇಳಿದ್ದೇ ಚಿಲಕ ಸರಿಯಿತು.

ಗಂಡ ತೀರಿಕೊಂಡು ಝೈನಬ ಇದ್ದತ್ ಕೂತಿದ್ದರು. ನಾಲ್ಕು ತಿಂಗಳು ಹತ್ತು ದಿನ ಹೊರಗೆ ಕಾಲಿಡುವುದಿಲ್ಲ, ಪರಗಂಡಸರ ಎದುರು ಬರುವುದಿಲ್ಲ. ಅಂಥ ಮನೆಗೆ ಗಂಡುಹುಡುಗನನ್ನು ಕಳಿಸಿದೆವಲ್ಲ ಎಂದು ತನ್ಮಯೀಗೆ ನಾಚಿಕೆಯಾಯಿತು. ಮಗ ಹೈದರ್ ಮಾತ್ರೆ ತರಲು ಹೋಗಿದ್ದನಂತೆ. ಬಿಪಿ ನೋಡದೆ ಕೊಡುವ ಹಾಗಿಲ್ಲ, ಉಮ್ಮನನ್ನೇ ಕರೆದುಕೊಂಡು ಬಾ ಎಂದು ಆರೋಗ್ಯ ಕೇಂದ್ರದಿಂದ ವಾಪಸು ಕಳಿಸಿದ್ದರು. ಮೆಡಿಕಲಿನಿಂದ ತಂದುಕೊಟ್ಟ ಮಾತ್ರೆಯ ಬಣ್ಣ ಬೇರೆ ಎಂದು ಹೆದರಿ ಝೈನಬ ಅದನ್ನು ಮುಟ್ಟಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದರೆ ಇದೇ ನೋಡಿ.

"ಮದ್ದಿಗೆ ಹೋಗ್ಬಹುದು ಅಂತ ಮಸೀದಿಯ ಉಸ್ತಾದರು ಹೇಳಿದ್ದಾರೆ," ಎಂದರು ಝೈನಬ. "ನನಗೇ ಮನಸ್ಸು ಬರುದಿಲ್ಲ ಮಗಳೆ. ಯಾವಾಗ್ಲೂ ಹೈದರನ ಅಪ್ಪನೇ ಕರ್ಕೊಂಡು ಹೋಗುದು."

ಹೇಳುತ್ತಲೇ ತಲೆ ತಿರುಗಿ ಗೋಡೆ ಹಿಡಿದರು.

ಅವರನ್ನು ಮಲಗಿಸಿ ತನ್ಮಯೀ ಅಂಗಳಕ್ಕೆ ಬಂದಳು. ಕೈ ಹಾಕಿದರೆ ಬೈಗುಳ ಖಂಡಿತ, ಈ ಮನೆಯನ್ನು ಅಧ್ಯಯನದಿಂದಲೇ ತೆಗೆದುಬಿಡುತ್ತಾರೆ. ತೆಗೆಯಲಿ, ಹಾಳಾಗಿ ಹೋಗಲಿ, ಕಣ್ಣೆದುರು ಒಬ್ಬರು ಬೀಳುವುದನ್ನು ನೋಡಿ ಬರೆದುಕೊಂಡು ಹೋಗಲು ತನ್ನಿಂದಾಗದು ಎಂದು ಸ್ಕೂಟರ್ ಹತ್ತಿದಳು. ಕೇಂದ್ರದ ಸಿಸ್ಟರ್ ವಸುಮತಿ ಮೊದಲು ನಿಯಮವನ್ನೇ ಒದರಿದರು. ವಿಷಯ ಕೇಳಿದ ಮೇಲೆ ಮುಖ ಸಣ್ಣದಾಯಿತು. ಮಗ ಬಂದಾಗ ಉಮ್ಮ ಯಾಕೆ ಬರಲಿಲ್ಲ ಎಂದು ತಾನೊಂದು ಮಾತು ಕೇಳಲಿಲ್ಲವಲ್ಲ ಎಂದು ಪೇಚಾಡಿಕೊಳ್ಳುತ್ತ ಬಿಪಿ ಮೆಷಿನ್ ಚೀಲಕ್ಕೆ ಹಾಕಿ ಹಿಂದೆ ಕೂತರು.

ಬಿಪಿ ಬಹಳ ಏರಿತ್ತು. ವಸುಮತಿ ಕೇಂದ್ರದ ಡಾಕ್ಟರಿಗೆ ಫೋನ್ ಮಾಡಿ ಕೇಳಿ ಮಾತ್ರೆ ಕೊಟ್ಟರು. ಇದ್ದತ್ ಮುಗಿಯುವವರೆಗೆ ತಾನೇ ಮನೆಗೆ ಬರುವುದಾಗಿಯೂ ಹೇಳಿದರು. ತನ್ಮಯೀಗೆ ಸಂತೋಷದಿಂದ ಕಣ್ಣು ತುಂಬಿತು.

ಸ್ವಲ್ಪ ಹೊತ್ತಿನ ಮೇಲೆ ಝೈನಬ ಎದ್ದು ಕೂತು ಅವಳ ಕೈ ಹಿಡಿದುಕೊಂಡರು.

"ಅರಂತೋಡಿನಲ್ಲಿ ನನ್ನ ತಂಗಿ ಅಮೀರಾ ಇದ್ದಾಳೆ. ಅವಳಿಗೂ ಬಿಪಿ ಉಂಟು, ಕಾಲು ಬಿದ್ದುಹೋಗಿ ಮಲಗಿದಲ್ಲೇ. ಅಲ್ಲಿಗೂ ಹೀಗೆ ಯಾರಾದ್ರೂ ಬರ್ತಾರಾ, ಇಲ್ಲ ನೀನು ಹೋದ ಮನೆಗೆ ಮಾತ್ರವಾ?"

ತನ್ಮಯೀ ವಸುಮತಿಯ ಮುಖ ನೋಡಿದಳು.

"ಅರಂತೋಡು ನಮ್ಮ ಕೇಂದ್ರದ ಕೆಳಗೆ ಬರುದಿಲ್ಲ," ಎಂದರು ವಸುಮತಿ, ಮೆಲ್ಲಗೆ.