ಎಂಬತ್ತನೆಯ ದಿನದ ಪಾರಿವಾಳ

ಅಪ್ಪ ಅಮ್ಮ ಆಸೆಪಟ್ಟು ಸಮಾಧಾನಪ್ಪ ಎಂದು ಹೆಸರಿಟ್ಟಿದ್ದರು. ಆ ಹೆಸರಿಗೂ ಆ ಮನುಷ್ಯನಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ಯಲಹಂಕ ಸ್ಟೇಷನ್ನಿನಲ್ಲಿ ಅವನು ಪಾಯಿಂಟ್ಸ್‌ಮನ್. ಬರುವ ರೈಲು ಯಾವ ಹಳಿಗೆ ಹೋಗಬೇಕೋ ಆ ಹಳಿಗೆ ತಿರುಗಿಸುವ ಲಿವರ್ ಎಳೆಯುವುದು ಅವನ ಕೆಲಸ. ಎಳೆದ ಮೇಲೆ ಕೀಲಿ ಸರಿಯಾಗಿ ಬಿದ್ದಿದೆಯೇ ಎಂದು ಮೂರು ಸಲ ನೋಡುತ್ತಿದ್ದ. ನಾಲ್ಕನೆಯ ಸಲ ನೋಡಲು ಅರ್ಧ ದಾರಿಯಿಂದ ವಾಪಸು ಬರುತ್ತಿದ್ದ. ಇಂಥವನಿದ್ದರೆ ಸ್ಟೇಷನ್ ಮಾಸ್ತರರಿಗೆ ನಿಶ್ಚಿಂತೆ. ಇಂಥವನ ಜೊತೆ ಸಂಸಾರ ಮಾಡುವ ಹೆಂಗಸಿನ ಪಾಡು ಬೇರೆ.

ಎಪ್ಪತ್ತೊಂಬತ್ತನೇ ಇಸವಿಯ ಜೂನ್‌ನಲ್ಲಿ ಅವನ ಹೆಂಡತಿ ಮಾರ್ತಮ್ಮ ಹೆಣ್ಣು ಮಗು ಹೆತ್ತಳು. ಅವತ್ತಿನಿಂದಲೇ ಸಮಾಧಾನಪ್ಪ ವ್ಯಾಗನ್ನಿನ ಮೇಲೆ ಬರೆಯುವ ಸೀಮೆಸುಣ್ಣ ತಂದು ಕ್ವಾರ್ಟರ್ಸಿನ ಬಾಗಿಲ ಹಿಂದೆ ದಿನಕ್ಕೊಂದು ಗೀಟು ಎಳೆಯತೊಡಗಿದ. ಎಂಬತ್ತು ಗೀಟು ಆಗುವವರೆಗೆ ಅವಳು ಚರ್ಚಿನ ಮೆಟ್ಟಿಲು ಹತ್ತುವ ಹಾಗಿಲ್ಲ. ಅಲ್ಲಿಯವರೆಗೆ ಮಗುವಿಗೆ ದೀಕ್ಷಾಸ್ನಾನವಿಲ್ಲ, ಹೆಸರೂ ಇಲ್ಲ. ಅವಳು ಕೂತ ಚಾಪೆಯ ಮೇಲೆ ಅವನು ಕೂರುವುದಿಲ್ಲ, ಮಗುವನ್ನು ಎತ್ತಿಕೊಳ್ಳುವುದಿಲ್ಲ.

ಮೋಶೆಯ ನಿಯಮವಂತೆ. ಗಂಡು ಹುಟ್ಟಿದರೆ ನಲವತ್ತು ದಿನ, ಹೆಣ್ಣು ಹುಟ್ಟಿದರೆ ಎಂಬತ್ತು. ಅದು ಮುಗಿದ ಮೇಲೆ ಒಂದು ಕುರಿಮರಿ ಅರ್ಪಿಸಬೇಕು. ಕೈಲಾಗದವರು ಎರಡು ಪಾರಿವಾಳ ಕೊಡಬಹುದು, ಒಂದು ಹೋಮಕ್ಕೆ, ಇನ್ನೊಂದು ಪಾಪಪರಿಹಾರಕ್ಕೆ. ಸಾವಿರಾರು ವರ್ಷಗಳ ಹಿಂದೆ ಯೆಹೂದ್ಯರಿಗೆ ಹೇಳಿದ್ದಿದು. ಯಲಹಂಕದ ಕ್ರೈಸ್ತರು ಯಾರೂ ಪಾಲಿಸಿದ್ದಿಲ್ಲ. ಆ ನಿಯಮದಲ್ಲೂ ಮೈಲಿಗೆ ಅಂತ ಇದ್ದದ್ದು ಮೊದಲ ಹದಿನಾಲ್ಕು ದಿನ ಮಾತ್ರ. ಸಮಾಧಾನಪ್ಪ ಎಲ್ಲಿ ಎಡವಟ್ಟಾದೀತೋ ಎಂದು ಅದನ್ನೂ ಎಂಬತ್ತಕ್ಕೆ ಎಳೆದಿದ್ದ.

ಪಕ್ಕದ ಮನೆಯ ಪಟಾಲಮ್ಮ, ಗ್ಯಾಂಗ್‌ಮನ್ ಚಿಕ್ಕಮಾರಯ್ಯನ ಹೆಂಡತಿ, ಬಾಣಂತಿಗೆ ನೀರು ಕಾಯಿಸಲು ಬಂದವಳು ಕೇಳಿಯೇ ಬಿಟ್ಟಳು.

"ಅಲ್ಲ ಕಣಣ್ಣ, ನಮ್ಮ ದೇವ್ರು ಅನ್ನೊಂದು ದಿನಕ್ಕೆ ಸುಮ್ಕಾಯ್ತದೆ. ನಿಮ್ಮದ್ಯಾಕೆ ಎಂಬತ್ತು ದಿನ ಮುನಿಸ್ಕಂಡು ಕೂತದೆ?"

ಸಮಾಧಾನಪ್ಪ ಟೋಪಿ ಹಾಕಿಕೊಂಡು ಡ್ಯೂಟಿಗೆ ಹೊರಟ. ಉತ್ತರ ಕೊಡಬೇಕಾದರೆ ಯೋನನ ವಿಷಯ ಹೇಳಬೇಕಾಗುತ್ತಿತ್ತು.

ಯೋನ ಅವರ ಮೊದಲನೆಯ ಮಗು, ಗಂಡು. ಐದು ತಿಂಗಳಿಗೆ ಜ್ವರ ಬಂದು ಮೂರೇ ದಿನದಲ್ಲಿ ಹೋಗಿಬಿಟ್ಟ. ಅದಾಗಿ ಎರಡು ವರ್ಷ. ಈ ಸಲ ಮಾರ್ತಮ್ಮನಿಗೆ ಐದು ತಿಂಗಳಾಗಿದ್ದಾಗ ಹೆಬ್ಬಾಳದಲ್ಲಿ ಪೆಂಡಾಲು ಹಾಕಿ ಯಾರೋ ಪರಸ್ಥಳದ ಬೋಧಕ ಮೂರು ದಿನ ಪ್ರಸಂಗ ಮಾಡಿದ. ಮೋಶೆಯ ನಿಯಮದಲ್ಲಿ ಒಂದು ಅಕ್ಷರವೂ ರದ್ದಾಗಿಲ್ಲ, ಮರೆತವರ ಮನೆಯಲ್ಲೇ ದುಃಖ ಇರುವುದು ಎಂದ. ಕೂಟ ಮುಗಿದ ಮೇಲೆ ಸಮಾಧಾನಪ್ಪ ಹೋಗಿ ಕೇಳಿದ. ಯೋನ ಹುಟ್ಟಿದ ಇಪ್ಪತ್ತೆಂಟನೆಯ ದಿನಕ್ಕೇ ಮಾರ್ತಮ್ಮ ಸುಗ್ಗಿಹಬ್ಬದ ಆರಾಧನೆಗೆ ಹೋಗಿದ್ದಳು. ಬೋಧಕ ಬೆರಳು ಮಡಿಚಿ ಎಣಿಸಿ, "ಹನ್ನೆರಡು ದಿನ ಕಡಿಮೆಯಾಯಿತಲ್ಲ ತಮ್ಮಾ" ಎಂದು ಬ್ಯಾಗು ಎತ್ತಿಕೊಂಡು ಬಸ್ಸು ಹತ್ತಿದ. ಹೇಳುವಷ್ಟು ಹೇಳಿ ಆ ಮಹಾನುಭಾವ ಹೊರಟೇ ಹೋದ. ಹನ್ನೆರಡು ಎಂಬ ಸಂಖ್ಯೆ ಮಾತ್ರ ಇವನ ಎದೆಯಲ್ಲಿ ಕೂತುಬಿಟ್ಟಿತು. ಮಾರ್ತಮ್ಮನ ಮುಂದೆ ಇವನು ತುಟಿ ಬಿಚ್ಚಲಿಲ್ಲ. ಗಂಡನಿಗೆ ಭಕ್ತಿ ಜಾಸ್ತಿಯಾಗಿ ತಲೆಗೇರಿದೆ ಎಂದೇ ಅವಳು ತಿಳಿದಿದ್ದಳು.

ಐವತ್ತನೆಯ ಗೀಟಿನ ಹೊತ್ತಿಗೆ ಚರ್ಚಿನ ಅಯ್ಯನವರೇ ಮನೆಗೆ ಬಂದರು. ಕುರ್ಚಿಯಲ್ಲಿ ಕೂತು ಸಮಾಧಾನವಾಗಿ ಶುರುಮಾಡಿದರು. ಆದರೆ ಇವನು ಬಿಡಬೇಕಲ್ಲ.

"ಅಯ್ಯನವರೇ, ರೈಲ್ವೆಯಲ್ಲಿ ಒಂದು ರೂಲು ರದ್ದಾಗ್ಬೇಕಂದ್ರೆ ಮೇಲಿಂದ ಸರ್ಕ್ಯುಲರ್ ಬರ್ಬೇಕು. ಇದಕ್ಕೆಲ್ಲಿದೆ ಸರ್ಕ್ಯುಲರ್?"

"ಅಪೊಸ್ತಲರು ಯೆರೂಸಲೇಮಿನಲ್ಲಿ ಸಭೆ ಸೇರಿ ಇದನ್ನೇ ಚರ್ಚೆ ಮಾಡಿದ್ರಪ್ಪ. ಯೆಹೂದ್ಯರಲ್ಲದೋರ ಮೇಲೆ ಆ ಹೊರೆ ಹಾಕೋದು ಬೇಡ ಅಂತ ಬರೆದು ಕಳಿಸಿದ್ರು. ನಾವು ಯೆಹೂದ್ಯರಲ್ಲ ತಾನೆ? ಅದನ್ನೇ ಸರ್ಕ್ಯುಲರ್ ಅಂದ್ಕೊ."

"ರಕ್ತ ತಿನ್ಬೇಡಿ ಅಂತಾನೂ ಅದ್ರಲ್ಲೇ ಬರ್ದಿದಾರೆ. ಹೋದ ಕ್ರಿಸ್‌ಮಸ್‌ಗೆ ಸಭೆಯವರೆಲ್ಲ ಸೇರಿ ಕುರಿ ನೆತ್ತರು ಹುರ್ಕೊಂಡು ತಿಂದ್ವಿ. ನೀವು ಎರಡು ಸಲ ಹಾಕಿಸ್ಕೊಂಡ್ರಿ."

ಅಯ್ಯನವರು ಕನ್ನಡಕ ತೆಗೆದು ಒರೆಸಿದರು. ನೆತ್ತರಿನ ರುಚಿ ಅವರಿಗೂ ನೆನಪಾಗಿರಬೇಕು.

"ಯೇಸುಸ್ವಾಮಿ ತಾಯೀನೇ ಎರಡು ಪಾರಿವಾಳ ತಗೊಂಡು ಹೋಗಿದ್ರಲ್ಲ" ಎಂದ ಸಮಾಧಾನಪ್ಪ.

"ಅದು ಶಿಲುಬೆಗೆ ಮುಂಚಿನ ಮಾತು. ಆಮೇಲೆ ಬೇರೆ ಬಲಿ ಬೇಕಾಗಿಲ್ಲ." ಅಯ್ಯನವರು ಅವನ ಮುಖವನ್ನೇ ನೋಡಿದರು. "ನೀನು ಯಾವುದಕ್ಕೋ ಹೆದರಿದೀಯ ಸಮಾಧಾನ. ಏನು ಅಂತ ಹೇಳು."

ಹೇಳಿಬಿಡೋಣ ಅನ್ನಿಸಿತು. ಒಳಗೆ ಮಗು ಕೆಮ್ಮಿದ ಸದ್ದಾಯಿತು. ಅವನು ಎದ್ದು ಬಾಗಿಲ ತನಕ ಹೋಗಿ, ಒಳಗೆ ಕಾಲಿಡದೆ ಇಣುಕಿ ನೋಡಿ, ಮತ್ತೆ ಬಂದು ಕೂತು, ಮತ್ತೆ ಎದ್ದ. ಅಯ್ಯನವರು ಪ್ರಾರ್ಥನೆ ಮಾಡಿ ಹೊರಟುಹೋದರು.

ಎಪ್ಪತ್ತು ದಾಟಿದ ಮೇಲೆ ಅವನಿಗೆ ಅನ್ನ ಸೇರದಾಯಿತು. ಡ್ಯೂಟಿಯಲ್ಲಿದ್ದಾಗ ಮಗು ಬೆಚ್ಚಗಾಗಿದೆಯೇನೋ ಅನ್ನಿಸುವುದು. ಮನೆಗೆ ಬಂದರೆ ಮುಟ್ಟಿ ನೋಡುವ ಹಾಗಿಲ್ಲ, ಹತ್ತು ಸಲ ಮಾರ್ತಮ್ಮನನ್ನೇ ಕೇಳಬೇಕು. "ಬಂದು ನೀವೇ ಮುಟ್ಟಿ ನೋಡ್ರಿ" ಎಂದು ಅವಳು ಹೇಳಿ ಹೇಳಿ, ಕೊನೆಗೆ ಹೇಳುವುದನ್ನೂ ಬಿಟ್ಟಳು.

ಎಪ್ಪತ್ತೊಂಬತ್ತನೆಯ ದಿನ ಪಕ್ಕದ ಕೋಗಿಲು ಊರಿಗೆ ಹೋಗಿ, ಪಾರಿವಾಳ ಸಾಕುವ ಲಾಲ್ ಸಾಬ್ ಹತ್ತಿರ ಒಂದು ಜೋಡಿ ತಂದ. ಯಾತಕ್ಕೆ ಎಂದು ಕೇಳಿ ತಿಳಿದ ಲಾಲ್ ಸಾಬ್ ಗಡ್ಡ ಕೆರೆದುಕೊಂಡ.

"ನಮ್ಮಲ್ಲಿ ನಲವತ್ತು ದಿನ ಸಾಬ್. ಗಂಡಾಗ್ಲಿ ಹೆಣ್ಣಾಗ್ಲಿ. ನಿಮ್ದು ಬಹಳ ಕಡಕ್ ಇದೆ. ಬುಟ್ಟಿ ಭದ್ರ ಕಟ್ಕೊಳ್ಳಿ, ಬಿಟ್ರೆ ಇಲ್ಲಿಗೇ ವಾಪಸ್ ಬರ್ತಾವೆ."

ಎಂಬತ್ತನೆಯ ದಿನ ಬುಧವಾರ ಬಿತ್ತು. ಸಮಾಧಾನಪ್ಪ ರಜೆ ಹಾಕಿ, ಬಿಳಿ ಶರ್ಟು ತೊಟ್ಟು, ಪಾರಿವಾಳದ ಬುಟ್ಟಿ ಹಿಡಿದು ಮುಂದೆ ನಡೆದ. ಮಗುವನ್ನು ಎತ್ತಿಕೊಂಡು ಮಾರ್ತಮ್ಮ ಹತ್ತು ಹೆಜ್ಜೆ ಹಿಂದೆ ಬಂದಳು. ಹೊರಡುವಾಗ ಯಾಕೋ ಅವಳು, ಇವತ್ತು ಬೇಡ, ಭಾನುವಾರ ಹೋಗೋಣ ಎಂದಿದ್ದಳು. ಅವನು ಕೇಳಲಿಲ್ಲ. ಅಂದು ಬೆಳಿಗ್ಗೆ ಚರ್ಚಿನ ಜಗಲಿಯ ಮೇಲೆ ಸ್ತ್ರೀಯರ ಕೂಟ ನಡೆಯುತ್ತಿತ್ತು. ಏಳೆಂಟು ಹೆಂಗಸರು ಚಾಪೆ ಹಾಸಿಕೊಂಡು ಕೂತಿದ್ದರು, ಅಯ್ಯನವರು ಕುರ್ಚಿಯಲ್ಲಿದ್ದರು. ಎಲ್ಲರಿಗಿಂತ ಹಿರಿಯಳು ಶಿವಲಿಂಗವ್ವ. ನಡುವಯಸ್ಸಿನಲ್ಲಿ ಸಭೆಗೆ ಸೇರಿದಾಗ ಬೇರೆ ಹೆಸರು ಕೊಡುತ್ತೇವೆ ಎಂದರೂ ಬೇಡವೆಂದು ಹಳೆಯದನ್ನೇ ಉಳಿಸಿಕೊಂಡ ಗಟ್ಟಿ ಮುದುಕಿ. ಅವಳು ಮಗುವಿನ ಕಡೆ ಕೈ ಚಾಚಿದಳು.

"ಏನ್ ಮಾರ್ತ, ಓದ ಬುಧ್ವಾರ ಬರ್ಲೇ ಇಲ್ಲ? ಚಿನ್ನಿಗೆ ನೆಗಡಿ ಆಗಿತ್ತಾ?"

ಮಗು ಆಗಲೇ ಮುದುಕಿಯ ತೊಡೆ ಸೇರಿ, ಅವಳ ಮೂಗುತಿ ಹಿಡಿಯಲು ನೋಡುತ್ತಿತ್ತು. ಸಮಾಧಾನಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಯಾವತ್ತಿಂದ?" ಎಂದ.

"ಹದಿನೇಳನೇ ದಿನದಿಂದ" ಎಂದಳು ಮಾರ್ತಮ್ಮ. "ನಿಮಗೆ ಬೆಳಿಗ್ಗೆ ಡ್ಯೂಟಿ ಇದ್ದ ಬುಧವಾರ ಎಲ್ಲಾ. ನೀವು ಬರ್ತೀರೇನೋ ಅಂತ ಪಟಾಲಮ್ಮ ನೋಡ್ಕೋತಿದ್ಲು. ಆ ಗೀಟು ನೋಡ್ಕೊಂಡು ಒಳಗೇ ಕೂತಿದ್ರೆ ನನಗೆ ಹುಚ್ಚು ಹಿಡೀತಿತ್ತು ಕಣ್ರೀ."

ಅವನು ಅಲ್ಲೇ ಎಣಿಸಿದ. ಹದಿನೇಳು. ಎಂಬತ್ತಕ್ಕೆ ಅರವತ್ತಮೂರು ಕಡಿಮೆ. ಏಳು ತಿಂಗಳಿಂದ ಒಳಗೇ ಇಟ್ಟುಕೊಂಡಿದ್ದ ಮಾತು ಅಷ್ಟೂ ಹೆಂಗಸರ ಮುಂದೆ ಬಾಯಿಗೆ ಬಂದುಬಿಟ್ಟಿತು.

"ಹನ್ನೆರಡು ದಿನ ಕಮ್ಮಿ ಆಗಿದ್ದಕ್ಕೇ ಯೋನ ಹೋದ. ನೀನು ಇಪ್ಪತ್ತೆಂಟಕ್ಕೇ ಚರ್ಚಿಗೆ ಬಂದಿದ್ದಕ್ಕೆ. ಈಗ ಇವಳೂ ಹೋದ್ರೆ ಏನ್ ಮಾಡ್ಲಿ ನಾನು?"

ಮಾರ್ತಮ್ಮ ಗಂಡನನ್ನು ಹೊಸದಾಗಿ ಕಂಡವಳಂತೆ ನೋಡಿದಳು.

"ನಾನು ಕೊಂದೆ ಅಂತಾನಾ?" ಎಂದಳು. "ಇದನ್ನ ಮನಸ್ಸಲ್ಲಿಟ್ಕೊಂಡು ಇಷ್ಟು ದಿನ ನನ್ ಜೊತೆ ಇದ್ರಾ?"

ಅಯ್ಯನವರು ಏನೋ ಹೇಳಲು ಬಾಯಿ ತೆರೆದರು. ಶಿವಲಿಂಗವ್ವ ಕೈಯೆತ್ತಿ ತಡೆದಳು.

"ನಾನೂ ಎರಡು ಮಕ್ಳು ಕಳ್ಕಂಡೋಳೇ ಕಣಪ್ಪ" ಎಂದಳು. "ಎರಡು ಬಾಣಂತನದಲ್ಲೂ ಊರಾಚೆ ಗುಡ್ಲಲ್ಲಿ ಇಪ್ಪತ್ತೊಂದು ದಿನ ಒಬ್ಬಳೇ ಕೂತಿದ್ದೆ. ಒಂದು ದಿನ ಕಮ್ಮಿ ಮಾಡ್ಲಿಲ್ಲ, ಒಂದು ನೇಮ ಬಿಡ್ಲಿಲ್ಲ. ಆದ್ರೂ ಎರಡೂ ಸತ್ತೋದ್ವು. ಮುಟ್ಟು ಮೈಲಿಗೆ ಅನ್ನದೆ ಒಳಗ್ ಬಾ ಅಂದಿದ್ದು ಈ ದೇವ್ರ ಮನೆ ಒಂದೇ. ಇಲ್ಲೂ ಗುಡ್ಲು ಕಟ್ಬ್ಯಾಡ."

ಸಮಾಧಾನಪ್ಪ ಬುಟ್ಟಿ ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೆ ಕೂತ. ಒಂದು ನಿಯಮವನ್ನೂ ಬಿಡಲಿಲ್ಲ, ಆದರೂ ಹೋದವು. ಈ ಲೆಕ್ಕಾಚಾರ ಅವನ ತಲೆಗೆ ಒಂದು ದಿನವೂ ಹೊಳೆದಿರಲಿಲ್ಲ. ಅಯ್ಯನವರ ಸರ್ಕ್ಯುಲರಿಗೆ ಜಗ್ಗದವನು ಮುದುಕಿಯ ಗುಡಿಸಲಿನ ಮುಂದೆ ಸೋತ.

ಮಾರ್ತಮ್ಮ ಬುಟ್ಟಿಯ ಹತ್ತಿರ ಬಂದಳು.

"ಎರಡನೇ ಹಕ್ಕಿ ಪಾಪಕ್ಕೆ ಅಂದ್ರಲ್ಲ. ಯಾರ ಪಾಪಕ್ಕೆ? ನಂದಾದ್ರೆ ಹೇಳಿ. ಅದರ ಕತ್ತು ನಾನೇ ಮುರೀತೀನಿ."

"ನಿಂದಲ್ಲ" ಎಂದ ಅವನು. ಬುಟ್ಟಿಯ ಕಡೆ ಬಾಗಿ, "ನಿಂದಲ್ಲ ಮಾರ್ತ" ಎಂದು ಮತ್ತೊಮ್ಮೆ ಹೇಳಿದ. ಬುಟ್ಟಿಗೆ ಬಿಗಿದ ಹಗ್ಗದಲ್ಲಿ ಅವನೇ ಹಾಕಿದ ಮೂರು ಗಂಟುಗಳಿದ್ದವು. ಬಿಚ್ಚಲು ಅವನ ಕೈಯಿಂದಾಗಲಿಲ್ಲ. ಅಯ್ಯನವರು ಬಂದು ಬಿಚ್ಚಿದರು. ಪಾರಿವಾಳಗಳು ಚರ್ಚಿನ ಮೇಲೆ ಒಂದು ಸುತ್ತು ಹಾಕಿ, ಕೋಗಿಲಿನ ಕಡೆಗೆ, ಲಾಲ್ ಸಾಬ್ ಮನೆಗೆ ನೆಟ್ಟಗೆ ಹಾರಿದವು.

ಶಿವಲಿಂಗವ್ವ ಮಗುವನ್ನು ತಂದು ಅವನ ತೊಡೆಗೆ ಹಾಕಿದಳು. ಎಂಬತ್ತು ದಿನಕ್ಕೆ ಅದು ಚೆನ್ನಾಗಿ ತೂಕ ಬಂದಿತ್ತು. ಅವನು ಅದರ ಹಣೆ ಮುಟ್ಟಿ ನೋಡಿದ. ತಣ್ಣಗಿತ್ತು. ಮತ್ತೆ ಮುಟ್ಟಿದ, ಮೂರನೆಯ ಸಲವೂ ಮುಟ್ಟಿದ. ನಾಲ್ಕನೆಯ ಸಲಕ್ಕೆ ಮಗು ಅವನ ಬಿಳಿ ಶರ್ಟಿನ ಮೇಲೆ ಉಚ್ಚೆ ಹೊಯ್ದಿತು.

"ಕೊಡಿಲ್ಲಿ, ಒದ್ದೆ ಆಯ್ತು" ಎಂದಳು ಯಾರೋ.

"ಇರ್ಲಿ" ಎಂದ.

ಮಾರ್ತಮ್ಮ ಆಗಲೇ ಹೋಗಿ ತನ್ನ ಚಾಪೆಯ ಮೇಲೆ ಕೂತಿದ್ದಳು, ಮುಖ ಗೋಡೆಯ ಕಡೆಗಿತ್ತು. ಅವನು ಮಗುವನ್ನು ಎದೆಗೆ ಒತ್ತಿಕೊಂಡು ಎದ್ದು, ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೋಗಿ, ಅದೇ ಚಾಪೆಯ ತುದಿಯಲ್ಲಿ ಕೂತ. ಅವಳು ಸರಿದು ಜಾಗ ಕೊಡಲಿಲ್ಲ. ಎದ್ದೂ ಹೋಗಲಿಲ್ಲ.