ಎರಡು ಸುತ್ತಿನ ಗಂಟು

ಬೀಫಾತಿಮಾ ಕರ್ಪೂರದ ಪೊಟ್ಟಣವನ್ನು ಹಲ್ಲಿನಿಂದ ಹರಿಯುತ್ತಿದ್ದಾಗ ಕಿಟಕಿಯ ಹೊರಗೆ ಗಂಡಸೊಬ್ಬ ಅಳುವುದು ಕೇಳಿಸಿತು. ಹಿತ್ತಲಲ್ಲಿ ಬಟ್ಟೆಯ ಮರೆ ಕಟ್ಟಿ ಬೆಳಿಗ್ಗೆ ತೀರಿಹೋದ ಅವಳ ಗಂಡ ಹಾಜಬ್ಬನ ಮಯ್ಯಿತ್ತಿಗೆ ಗಂಡಸರು ಸ್ನಾನ ಮಾಡಿಸುತ್ತಿದ್ದರು. ಕರ್ಪೂರ ಎಲ್ಲಿ ಎಂದು ಅಲ್ಲಿಂದ ಆಗಲೇ ಕೂಗಿಯಾಗಿತ್ತು.

ಅಳುತ್ತಿದ್ದವನು ದಯಾನಂದ. ಮೆಲ್ಕಾರಿನಲ್ಲಿ ಬಸ್ ಏಜೆಂಟ್. ದಿನವಿಡೀ ಊರುಗಳ ಹೆಸರು ಕೂಗಿ ಒಡೆದುಹೋದ ಆ ಸ್ವರ ಯಾರಿಗೂ ಗುರುತು ಸಿಗುವಂಥದ್ದು. ಈ ವರ್ಷವೆಲ್ಲ ಬೆಳಿಗ್ಗೆ ಹಾಜಬ್ಬನ ಜೊತೆ ಓಡುತ್ತಿದ್ದವನು ಅವನೇ. ಇವತ್ತು ಪುಂಜಾಲಕಟ್ಟೆಯವರೆಗೆ ಓಡಿ, ವಾಪಸ್ ಬರಲು ಬಸ್ ನಿಲ್ದಾಣದಲ್ಲಿ ಕುಳಿತಿದ್ದಾಗ, "ಹಾಜಬ್ಬಾಕ, ಬಸ್ ಬಂತು" ಎಂದು ಕರೆದವನೂ ಅವನೇ. ಹಾಜಬ್ಬ ಗೋಡೆಗೆ ಒರಗಿ ಕುಳಿತವನು ಎದ್ದಿರಲಿಲ್ಲ.

"ನಾನು ಬೇಡ ಅಂದಿದ್ದೆ, ಶುಕೂರ್," ದಯಾನಂದ ಹಾಜಬ್ಬನ ತಮ್ಮ ಅಬ್ದುಲ್ ಶುಕೂರನಿಗೆ ಹೇಳುತ್ತಿದ್ದ. "ಹೃದಯದಲ್ಲಿ ಬ್ಲಾಕ್ ಉಂಟು, ಮೆಲ್ಲಗೆ ನಡೆದರೆ ಸಾಕು, ಓಡಲೇಬಾರದು ಅಂತ ಡಾಕ್ಟರು ಹೇಳಿದ ಮೇಲೆ ನಾವು ಓಡುವುದು ಸರಿಯಾ ಅಂತ ಕೇಳಿದ್ದೆ."

"ಡಾಕ್ಟರು ಯಾವಾಗ ಹೇಳಿದ್ದು?"

"ಬಕ್ರೀದ್ ಕಳೆದ ಮೇಲೆ. ಹಾಜಬ್ಬಾಕ ಏನು ಹೇಳಿದರು ಗೊತ್ತುಂಟಾ? ಮನೆಯಲ್ಲಿ ಮಾತಾಡಿದ್ದೇನೆ, ಬೀಫಾತಿಮಾ ಒಪ್ಪಿದ್ದಾಳೆ, ಬೆಳಿಗ್ಗೆ ಎಬ್ಬಿಸಿ ಕಳಿಸುವುದೇ ಅವಳು ಅಂದರು. ಹೆಂಡತಿಯೇ ಹೂಂ ಅಂದ ಮೇಲೆ ಬೇಡ ಅನ್ನಲಿಕ್ಕೆ ನಾನು ಯಾರು ಮಾರಾಯ?"

ಶುಕೂರ್, "ಅತ್ತಿಗೆ ಹೇಗೆ ಒಪ್ಪಿದರೋ," ಎಂದ.

ಪೊಟ್ಟಣ ಒಮ್ಮೆಲೇ ಹರಿದು ಕರ್ಪೂರದ ಪುಡಿ ಬೀಫಾತಿಮಾಳ ಮಡಿಲಿಗೆ ಚೆಲ್ಲಿತು.

ಪುತ್ತಿಗೆಯ ಗಂಡನ ಮನೆಯಿಂದ ಬಂದಿದ್ದ ಮಗಳು ರಶೀನಾ ಓಡಿ ಬಂದು ಪುಡಿ ಬಾಚತೊಡಗಿದಳು. ಬೀಫಾತಿಮಾ ಅವಳ ಕೈ ಹಿಡಿದಳು.

"ಬಾಪನ ಜೊತೆ ಮಂಗಳೂರಿನ ಡಾಕ್ಟರ ಹತ್ತಿರ ಹೋದದ್ದು ನೀನಲ್ಲವಾ?"

"ಹೌದು."

"ಓಡಬಾರದು ಅಂದಿದ್ದರಾ?"

ರಶೀನಾ ತಾಯಿಯ ಮುಖ ನೋಡಿದಳು. "ಇದೇನು ಉಮ್ಮಾ ಹೀಗೆ ಕೇಳ್ತೀರಿ? ನಿಮಗೆ ಗೊತ್ತುಂಟಲ್ಲ. ಉಮ್ಮನಿಗೆ ಎಲ್ಲ ಹೇಳಿದ್ದೇನೆ, ಮ್ಯಾರಥಾನ್ ಒಂದು ಮುಗಿಯಲಿ ಅಂತ ಅವಳೇ ಹೇಳಿದಳು ಅಂದರು ಬಾಪ. ನನಗೆ ನಿಮ್ಮ ಮೇಲೆ ಸಿಟ್ಟೂ ಬಂದಿತ್ತು."

ಬೀಫಾತಿಮಾ ಕೈ ಬಿಟ್ಟಳು.

*

ಹಾಜಬ್ಬ ಇಪ್ಪತ್ತು ವರ್ಷ ಶಾರ್ಜಾದಲ್ಲಿದ್ದ. ಒಂದು ಕಟ್ಟಡದ ಲಿಫ್ಟಿನ ಪಕ್ಕದ ಕುರ್ಚಿಯಲ್ಲಿ ಕುಳಿತು ಬಂದು ಹೋಗುವವರಿಗೆ ಸಲಾಂ ಹೇಳುವುದು ಅವನ ಕೆಲಸ. ಎರಡು ವರ್ಷಕ್ಕೊಮ್ಮೆ ಬರುತ್ತಿದ್ದ. ಊರಿನ ಚಪ್ಪಲಿ ಕಾಲಿಗೆ ಒಗ್ಗುವಷ್ಟರಲ್ಲಿ ಹೊರಡುತ್ತಿದ್ದ. ಬೀಫಾತಿಮಾ ಕಾದಳು. ಕೊನೆಗೆ ಹಿಂತಿರುಗಿದವನು ಮೆಲ್ಕಾರಿನಲ್ಲಿ ಕೊಡೆ, ಬ್ಯಾಗುಗಳ ಅಂಗಡಿ ಇಟ್ಟು ಇನ್ನೊಂದು ಕುರ್ಚಿಯಲ್ಲಿ ಕುಳಿತ. ಹೊಟ್ಟೆ ಬಂತು, ಸಕ್ಕರೆ ಕಾಯಿಲೆ ಬಂತು.

ಒಂದು ದಿನ ದಯಾನಂದ ಎದೆಯ ಮೇಲೆ ಮ್ಯಾರಥಾನಿನ ಹೆಸರಿದ್ದ ಹಳದಿ ಟೀ ಶರ್ಟ್ ಹಾಕಿಕೊಂಡು ಅಂಗಡಿಗೆ ಬಂದ. ಹಾಜಬ್ಬ ಅದನ್ನು ಮುಟ್ಟಿ ನೋಡಿ, "ಇದು ಪೇಟೆಯಲ್ಲಿ ಸಿಗುತ್ತದಾ?" ಎಂದು ಕೇಳಿದ.

"ಸಿಗುವುದಿಲ್ಲ ಹಾಜಬ್ಬಾಕ. ಓಡಿದವರಿಗೆ ಮಾತ್ರ."

ಮರುದಿನ ಪಾಣೆಮಂಗಳೂರಿನ ಹಳೆ ಸೇತುವೆಯ ಅರ್ಧದವರೆಗೆ ಓಡಿ, ಕಂಬಿ ಹಿಡಿದು ವಾಂತಿ ಮಾಡಿಕೊಂಡು ಬಂದ. ಬೀಫಾತಿಮಾ ನಕ್ಕಳು. "ಈ ಪ್ರಾಯದಲ್ಲಿ ಯಾರು ಓಡಿಸಿಕೊಂಡು ಬರ್ತಾ ಇದ್ದಾರೆ ನಿಮ್ಮನ್ನು?"

"ಕುರ್ಚಿ," ಎಂದ ಹಾಜಬ್ಬ.

ಬಗ್ಗಿದರೆ ಹೊಟ್ಟೆ ಅಡ್ಡ ಬರುತ್ತಿತ್ತು. ಹಾಗಾಗಿ ಶೂವಿನ ಲೇಸ್ ಕಟ್ಟುವ ಕೆಲಸ ಅವಳ ಪಾಲಿಗೆ ಬಂತು. ಬೆಳಗಿನ ಜಾವದ ಸುಬಹಿ ನಮಾಜಿನ ನಂತರ ಅವನು ಮೆಟ್ಟಿಲ ಮೇಲೆ ಕೂರುತ್ತಿದ್ದ, ಅವಳು ಕೆಳಗೆ ಕುಳಿತು ಕಟ್ಟುತ್ತಿದ್ದಳು. ಸಾದಾ ಗಂಟು ದಾರಿಯಲ್ಲಿ ಬಿಚ್ಚುತ್ತದೆಂದು ಎರಡು ಸುತ್ತು ಹಾಕಿ ಎಳೆಯುತ್ತಿದ್ದಳು. ಬಂದ ಮೇಲೆ ಅವನು ಗಂಟು ಬಿಚ್ಚದೆ ಶೂವನ್ನು ಹಾಗೆಯೇ ಎಳೆದು ಬಿಸಾಡುತ್ತಿದ್ದ. ಮರುದಿನ ಅವಳೇ ಬೈಯುತ್ತಾ ಉಗುರಿನಿಂದ ಬಿಡಿಸಬೇಕು. ಇಷ್ಟು ವರ್ಷದ ಮದುವೆಯಲ್ಲಿ ಅವರಿಬ್ಬರಿಗೆ ಹೀಗೆ ಪ್ರತಿದಿನ ಕೂಡಿ ಮಾಡುವ ಕೆಲಸ ಎಂದು ಮೊದಲು ಸಿಕ್ಕಿದ್ದು ಅದೇ.

*

ಮಯ್ಯಿತ್ತನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಒಳಕೋಣೆಗೆ ತಂದು ಮಲಗಿಸಿದರು. ಸೊಂಟದಲ್ಲಿ, ಕಾಲಿನ ಕಡೆ ಬಟ್ಟೆಯ ಪಟ್ಟಿ ಕಟ್ಟಿತ್ತು. ಹೆಂಗಸರು ನೋಡಲೆಂದು ಮುಖವನ್ನು ಮಾತ್ರ ತೆರೆದಿಟ್ಟಿದ್ದರು.

ಮೂಲೆಯಲ್ಲಿ ಇಬ್ಬರು ಮೆಲ್ಲಗೆ ಮಾತಾಡುತ್ತಿದ್ದರು.

"ಹೃದಯ ಸರಿ ಇಲ್ಲ ಅಂತ ಗೊತ್ತಿದ್ದೂ ಕಳಿಸುತ್ತಿದ್ದಳಂತೆ."

"ಖರ್ಜೂರ ಕೊಟ್ಟು, ಶೂ ಕಟ್ಟಿ ಕಳಿಸುತ್ತಿದ್ದಳಂತೆ. ನಾನಾದರೆ ಬಾಗಿಲಿಗೆ ಅಡ್ಡ ಮಲಗುತ್ತಿದ್ದೆ."

"ನೀನು ಮಲಗಿದರೆ ಆ ಬಾಗಿಲಲ್ಲಿ ಬೆಕ್ಕೂ ದಾಟಲಿಕ್ಕಿಲ್ಲ, ಸುಮ್ಮನಿರು."

ಬೀಫಾತಿಮಾ ತಿರುಗಿ ನೋಡಲಿಲ್ಲ. ತನಗೆ ಗೊತ್ತಿರಲಿಲ್ಲ ಎಂದು ಯಾರಿಗೆ ಹೇಳುವುದು? ಹೇಳಿದರೆ, ಮಲಗಿರುವವನು ಸುಳ್ಳುಗಾರ ಎಂದು ಅವನ ತಲೆಯ ಬಳಿಯೇ ಕುಳಿತು ಹೇಳಿದಂತೆ. ಹೇಳದಿದ್ದರೆ, ಕಳಿಸಿ ಕೊಂದವಳು ತಾನು.

*

ಡಾಕ್ಟರ ಹತ್ತಿರ ಹೋಗಿ ಬಂದ ದಿನ ಅವನು ಊಟಕ್ಕೆ ಕುಳಿತಿದ್ದ. ಅವಳು ಅಕ್ಕಿಯ ಪತ್ತಿರ್ ಬಡಿಸುತ್ತಾ, "ಡಾಕ್ಟರು ಏನು ಹೇಳಿದರು?" ಎಂದು ಕೇಳಿದಳು.

"ಎಲ್ಲ ಸರಿ ಉಂಟಂತೆ. ಮೈ ಅಲ್ಲಾಡಿಸಿದಷ್ಟು ಒಳ್ಳೆಯದಂತೆ." ಅವನು ಬಟ್ಟಲಿನಿಂದ ತಲೆ ಎತ್ತಿರಲಿಲ್ಲ.

ಮರುದಿನ ಎಬ್ಬಿಸಿದಾಗ ಅವನು ಮಂಚದ ಅಂಚಿನಲ್ಲಿ ಬಹಳ ಹೊತ್ತು ಕುಳಿತಿದ್ದ. "ಇವತ್ತು ಬಿಡುವನಾ?" ಎಂದ, ಅವಳನ್ನೇ ಕೇಳಿದ ಹಾಗೆ.

ಅವಳು ಶರ್ಟ್ ತಂದು ಅವನ ತೊಡೆಯ ಮೇಲೆ ಹಾಕಿದಳು. "ಏಳಿ, ಏಳಿ. ದಯಾನಂದ ಸೇತುವೆಯ ಹತ್ತಿರ ಕಾಯ್ತಾ ಇರ್ತಾರೆ. ಇಷ್ಟು ಮಾಡಿ ಈಗ ಸೋಮಾರಿ ಆಗುವುದಾ?"

ಅವನು ಅವಳನ್ನು ನೋಡಿ ನಕ್ಕಿದ್ದ. ತನ್ನ ಉತ್ಸಾಹ ನೋಡಿ ಖುಷಿಯಾಯಿತೇನೋ ಎಂದು ಅವಳು ಎಣಿಸಿದ್ದಳು. ಅವಳ ಬಾಯಿಂದಲೇ ಒಪ್ಪಿಗೆ ಸಿಕ್ಕಿಬಿಟ್ಟಿತೆಂದು ನಕ್ಕದ್ದು ಅದು ಎಂದು ಈಗ ಹೊಳೆಯಿತು.

*

ಮಸೀದಿಯಲ್ಲಿ ಸಂಜೆಯ ಅಸರ್ ಬಾಂಗ್ ಮುಗಿಯಿತು. ಅಂಗಳದಲ್ಲಿ ಗಂಡಸರು ಎದ್ದು ನಿಂತ ಸದ್ದು. ಹಾಜಬ್ಬನ ಅಕ್ಕ ನಫೀಸಮ್ಮ ಬೀಫಾತಿಮಾಳ ಪಕ್ಕ ಬಂದು ಕುಳಿತಳು. ಮಯ್ಯಿತ್ತನ್ನು ಎತ್ತುವ ಮೊದಲು, ಗಂಡನ ತಪ್ಪುಗಳನ್ನೆಲ್ಲ ಮನ್ನಿಸಿದ್ದೇನೆ ಎಂದು ಹೆಂಡತಿ ಹೇಳಬೇಕು. ಆ ಮನೆಯಲ್ಲಿ ಹಿಂದಿನಿಂದ ಬಂದ ಕ್ರಮ. ತಮ್ಮ ಗಂಡಂದಿರು ತೀರಿದಾಗ ಅವಳ ಅತ್ತೆ ಹೇಳಿದ್ದಳು, ನಫೀಸಮ್ಮನೂ ಹೇಳಿದ್ದಳು.

ಪರದೆಯ ಆಚೆ ಶುಕೂರ್ ಬಂದು ನಿಂತ. "ಅತ್ತಿಗೆ, ಹೊತ್ತಾಯಿತು. ಅಣ್ಣನನ್ನು ಮನ್ನಿಸಿದಿರಲ್ಲ? ಒಂದು ಮಾತು ಹೇಳಿದರೆ ಎತ್ತುತ್ತೇವೆ."

ಬೀಫಾತಿಮಾ ಮುಖ ನೋಡಲಿಲ್ಲ. ಕಾಲಿನ ಕಡೆ ನೋಡಿದಳು. ಪಟ್ಟಿಗೆ ಒಂದೇ ಸುತ್ತು ಹಾಕಿ ಬಿಟ್ಟಿದ್ದರು.

"ಹೇಳು ಮೋಳೇ," ಎಂದಳು ನಫೀಸಮ್ಮ.

"ಕಾಲಿನ ಗಂಟು ಸಡಿಲ ಉಂಟು."

ಅವಳು ಸರಿದು ಹೋಗಿ ಆ ಪಾದಗಳ ಬಳಿ ಕುಳಿತಳು. ಪಟ್ಟಿಯನ್ನು ಬಿಚ್ಚಿ, ಎರಡು ಸುತ್ತು ಹಾಕಿ ಎಳೆದಳು.

"ಗಟ್ಟಿ ಕಟ್ಟಬೇಡ. ಖಬರಿಗೆ ಇಳಿಸಿದ ಮೇಲೆ ಬಿಚ್ಚಲಿಕ್ಕೆ ಉಂಟು ಅದನ್ನು," ನಫೀಸಮ್ಮ ಹೇಳಿದಳು.

ಅವಳು ಇನ್ನೊಮ್ಮೆ ಎಳೆದಳು.

"ಅತ್ತಿಗೆ?" ಶುಕೂರ್ ಮತ್ತೆ ಕರೆದ.

ನಫೀಸಮ್ಮ ಬೀಫಾತಿಮಾಳ ಮುಖವನ್ನೇ ನೋಡುತ್ತಾ ಕಾದಳು. ಆಮೇಲೆ ಪರದೆಯ ಕಡೆ ತಿರುಗಿ ಗಟ್ಟಿಯಾಗಿ, "ಹೇಳಿದಳು. ಎಲ್ಲ ಮನ್ನಿಸಿದ್ದಾಳೆ. ಬನ್ನಿ, ಎತ್ತಿ," ಎಂದಳು.

ಬೀಫಾತಿಮಾ ತಲೆ ಎತ್ತಿದಳು. ತುಟಿ ತೆರೆಯಿತು. ಅಷ್ಟರಲ್ಲಿ ಹೆಂಗಸರು ಅವಳನ್ನು ಹಿಡಿದೆಬ್ಬಿಸಿ ಪಕ್ಕದ ಕೋಣೆಗೆ ಕರೆದೊಯ್ದರು. ಗಂಡಸರು ಒಳಗೆ ಬಂದರು.

*

ಕತ್ತಲಾಗುವ ಮೊದಲು ಶುಕೂರ್ ಮಸೀದಿಯಿಂದ ಬಂದು ಜಗಲಿಯಲ್ಲಿ ಕುಳಿತ. ನಫೀಸಮ್ಮ ಚಹಾ ತಂದುಕೊಟ್ಟಳು.

"ಕಾಲಿನ ಗಂಟು ಬಿಚ್ಚಲಿಕ್ಕೇ ಬರಲಿಲ್ಲ ಅಕ್ಕಾ," ಎಂದ ಅವನು. "ಖಬರಿಗೆ ಇಳಿದವರು ಉಗುರು ಹಾಕಿ ನೋಡಿದರು, ಆಗಲಿಲ್ಲ. ಮೇಲೆ ಎಲ್ಲರೂ ಮಣ್ಣು ಹಿಡಿದುಕೊಂಡು ನಿಂತಿದ್ದೇವೆ. ಕೊನೆಗೆ ಚೂರಿ ತರಿಸಿ ಕೊಯ್ದದ್ದು. ಯಾರು ಕಟ್ಟಿದ್ದು ಅದನ್ನು?"

"ಚಹಾ ಆರುತ್ತದೆ, ಕುಡಿ," ಎಂದಳು ನಫೀಸಮ್ಮ.

ಒಳಗೆ ಬೀಫಾತಿಮಾ, ಬೆಳಿಗ್ಗೆ ಅವನನ್ನು ಒಯ್ದಿದ್ದ ಆಸ್ಪತ್ರೆಯಿಂದ ಬಂದ ಪ್ಲಾಸ್ಟಿಕ್ ಚೀಲವನ್ನು ತೆರೆದಿದ್ದಳು. ಅದರಲ್ಲಿ ಅವನ ಶೂಗಳಿದ್ದವು. ಅಡಿಯಲ್ಲಿ ರಸ್ತೆ ಬದಿಯ ಕೆಂಪು ಮಣ್ಣು ಇನ್ನೂ ಮೆತ್ತಿಕೊಂಡಿತ್ತು. ಅಲ್ಲಿಯೂ ಯಾರೋ ಲೇಸ್ ಬಿಚ್ಚದೆ ಹಾಗೆಯೇ ಎಳೆದು ತೆಗೆದಿದ್ದರು. ಬೆಳಿಗ್ಗೆ ಅವಳು ಹಾಕಿದ ಗಂಟುಗಳು ಹಾಗೆಯೇ ಇದ್ದವು.

ಒಂದು ಶೂವನ್ನು ಮಡಿಲಲ್ಲಿಟ್ಟು ಉಗುರಿನಿಂದ ಗಂಟು ಬಿಡಿಸತೊಡಗಿದಳು. ಬೆವರಿಗೆ ಒದ್ದೆಯಾಗಿ ಒಣಗಿ ಅದು ಕಲ್ಲಾಗಿತ್ತು. ಹಲ್ಲು ಹಾಕಿದಳು. ಬಾಯಿಗೆ ಉಪ್ಪು ತಾಗಿತು. ಕೊನೆಗೆ ಬಿಚ್ಚಿತು, ಲೇಸನ್ನು ಎಳೆದು ನೇರ ಮಾಡಿ ಶೂವಿನ ಒಳಗೆ ಮಡಚಿಟ್ಟಳು.

ಇನ್ನೊಂದನ್ನು ಎತ್ತಿಕೊಂಡಳು. ಗಂಟಿನ ಮೇಲೆ ಹೆಬ್ಬೆರಳಿಟ್ಟು ಸ್ವಲ್ಪ ಹೊತ್ತು ಕುಳಿತಳು. ಆಮೇಲೆ ಅದನ್ನು ಹಾಗೆಯೇ ಚೀಲಕ್ಕೆ ಹಾಕಿ ಮಂಚದ ಅಡಿಗೆ ತಳ್ಳಿದಳು.