ಅಮ್ಮನ ಅಳತೆಯ ಹಲಗೆ

ಮನೆಗೆ ಏನಾದರೂ ಕೊಳ್ಳಲು ಹೊರಟಾಗ ನಾವು ಮನೆಯ ದಪ್ಪಗಿನವರನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಳ್ಳುತ್ತೇವೆ. “ದೊಡ್ಡದಾದ್ರೆ ಎಲ್ಲರಿಗೂ ಆಗುತ್ತೆ ಬಿಡು” ಅನ್ನುತ್ತೇವೆ. ಚಾಪೆಗೆ, ಕೊಡೆಗೆ ಈ ಮಾತು ನಡೆಯುತ್ತದೆ. ನೀರಿನ ಮೇಲೆ ನಿಂತು ಹುಟ್ಟು ಹಾಕುವ ಪ್ಯಾಡಲ್ ಬೋರ್ಡಿಗೆ ನಡೆಯುವುದಿಲ್ಲ. ಇದನ್ನು ನಾನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಕೆರೆ ದಂಡೆಯ ದೋಣಿಮನೆ ನೋಡಿಕೊಳ್ಳುವವಳು ನಾನು. ನನ್ನ ಬಾಯಿ ಜೋರು ಎಂದು ಊರೆಲ್ಲ ಹೇಳುತ್ತದೆ. ಜೋರಿಲ್ಲದಿದ್ದರೆ ನೀರಿನ ನಡುವೆ ಇರುವವರಿಗೆ ಕೇಳಿಸುವುದು ಹೇಗೆ, ನೀವೇ ಹೇಳಿ.

ನಮ್ಮ ಬೀದಿಯ ಟೈಲರಮ್ಮ ಪ್ರತಿ ಭಾನುವಾರ ಬೆಳಿಗ್ಗೆ ಕೆರೆಗೆ ಬರುತ್ತಾಳೆ. ಅವಳ ತೂಕ ನಲವತ್ತಾರು ಕಿಲೋ. ಗಂಡ ಲಾರಿ ಡ್ರೈವರು, ತೊಂಬತ್ತೆಂಟು ಕಿಲೋದ ಆಳು. ಹನ್ನೆರಡು ವರ್ಷದ ಮಗಳನ್ನು ಬೀದಿಯವರೆಲ್ಲ ಕಡ್ಡಿ ಎಂದೇ ಕರೆಯುವುದು. ಮೂವರಿಗೂ ಸೇರಿ ಡ್ರೈವರಣ್ಣ ಒಂದೇ ಬೋರ್ಡು ತಂದಿದ್ದ. ಹನ್ನೊಂದೂವರೆ ಅಡಿ ಉದ್ದ, ಮೂವತ್ತನಾಲ್ಕು ಇಂಚು ಅಗಲ, ಆರು ಇಂಚು ದಪ್ಪದ, ಗಾಳಿ ತುಂಬುವ ಬೋರ್ಡು. ಅದನ್ನು ನೀರಿಗೆ ತರಲು ತಾಯಿ ಮಗಳು ಇಬ್ಬರೂ ಏದುಸಿರು ಬಿಡುತ್ತಿದ್ದರು.

ಒಂದು ಭಾನುವಾರ ಗಂಡ, ಮಗಳು ದಂಡೆಯಲ್ಲೇ ಉಳಿದರು, ಟೈಲರಮ್ಮ ಒಬ್ಬಳೇ ಬೋರ್ಡು ಹತ್ತಿ ಹೋದಳು. ಹೋಗುವಾಗ ಎಲ್ಲ ಸರಿಯಾಗಿತ್ತು. ಒಂಬತ್ತು ಗಂಟೆಗೆ ಗಾಳಿ ಎದ್ದಿತು. ಬಲಕ್ಕೆ ಹುಟ್ಟು ಹಾಕಿದರೆ ಬೋರ್ಡಿನ ಮೂತಿ ಎಡಕ್ಕೆ, ಎಡಕ್ಕೆ ಹಾಕಿದರೆ ಬಲಕ್ಕೆ. ಮುಂದಕ್ಕೆ ಮಾತ್ರ ಒಂದು ಮಾರೂ ಬರಲಿಲ್ಲ. ನೋಡನೋಡುತ್ತಿದ್ದಂತೆ ಗಾಳಿ ಅವಳನ್ನು ಆಚೆ ಕೊನೆಯ ಜೊಂಡಿನೊಳಗೆ ನೂಕಿಬಿಟ್ಟಿತು. ನಾನು ಮೋಟಾರು ದೋಣಿ ತೆಗೆದುಕೊಂಡು ಹೋಗಿ, ಹಗ್ಗ ಕಟ್ಟಿ ಎಳೆದು ತಂದೆ. ದಂಡೆಯ ಮೇಲಿದ್ದ ಜನ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು. ಅವಳ ಮುಖ ಕೆಂಪಾಗಿತ್ತು.

ಡ್ರೈವರಣ್ಣ ಹೆದರಿದ್ದ. ಹೆದರಿದ ಗಂಡಸರು ರೇಗುತ್ತಾರೆ, ಇವನೂ ರೇಗಿದ.

“ನಿನ್ನ ತೋಳಲ್ಲಿ ಬಲ ಇಲ್ಲ ಕಣೆ. ಇದು ನಿನ್ನ ಕೈಲಾಗೋ ಕೆಲಸ ಅಲ್ಲ. ನೀನೇ ಹೀಗೆ ತೇಲಿಹೋದ್ರೆ ಕಡ್ಡಿ ಗತಿ ಏನು? ನಾಳೆನೇ ಬೋರ್ಡು ಮಾರ್ತೀನಿ. ಇನ್ಮೇಲೆ ತಾಯಿ ಮಗಳು ಇಬ್ಬರೂ ನೀರಿಗಿಳಿಯೋದು ಬೇಡ.”

ಟೈಲರಮ್ಮ ಒದ್ದೆ ಕೂದಲು ಹಿಂದಕ್ಕೆ ತಳ್ಳಿಕೊಂಡಳು.

“ರೀ, ದಿನಕ್ಕೆ ಹತ್ತು ಗಂಟೆ ಮಷೀನಿನ ಮುಂದೆ ಬಗ್ಗಿ ಕೂತಿರ್ತೀನಿ. ವಾರಕ್ಕೊಂದು ಗಂಟೆ ಬೆನ್ನು ನೆಟ್ಟಗೆ ಮಾಡಿ ನಿಲ್ಲೋದು ಇಲ್ಲೊಂದೇ. ನಾನು ಬಿಡಲ್ಲ. ಏನ್ ಬೇಕಾದ್ರೂ ಹೇಳಿ, ಇದನ್ನ ಮಾತ್ರ ಬಿಡಲ್ಲ.”

ನನಗೂ ಮೈ ಉರಿದುಹೋಯಿತು.

“ಡ್ರೈವರಣ್ಣ, ಸ್ವಲ್ಪ ಸುಮ್ನಿರು. ತಪ್ಪು ಅವಳ ತೋಳಿಂದಲ್ಲ, ನೀನು ತಂದ ಬೋರ್ಡಿಂದು” ಎಂದೆ.

“ಏನಕ್ಕಾ ನೀನು! ಅಂಗಡಿಲಿದ್ದ ಬೋರ್ಡಲ್ಲೆಲ್ಲ ಇದೇ ದೊಡ್ಡದು. ನೂರೈವತ್ತು ಕಿಲೋ ತಡಿಯುತ್ತೆ ಅಂತ ಬರೆದಿದೆ.”

“ಖಾಲಿ ಲಾರಿ ಓಡಿಸ್ಕೊಂಡು, ಗಾಳಿ ಹೊತ್ತಲ್ಲಿ ಸೇತುವೆ ದಾಟಿದ್ದೀಯಾ?”

“ಅಯ್ಯೋ, ಅದನ್ನ ಕೇಳ್ಬೇಡ. ಹಿಂದೆ ಎತ್ತರದ ಡಬ್ಬ ಇದ್ರಂತೂ ಸ್ಟೀರಿಂಗು ಮಾತೇ ಕೇಳಲ್ಲ. ಪಕ್ಕಕ್ಕೆ ಎಳ್ಕೊಂಡು ಹೋಗುತ್ತೆ.”

“ಲೋಡ್ ಇದ್ರೆ?”

“ಲೋಡ್ ಇದ್ರೆ ರಸ್ತೆ ಕಚ್ಕೊಂಡು ಹೋಗುತ್ತೆ.”

“ನಿನ್ನ ಹೆಂಡ್ತಿ ಇವತ್ತು ಓಡಿಸಿದ್ದು ಖಾಲಿ ಲಾರಿ ಕಣಪ್ಪ. ನೀನು ಹತ್ತಿದ್ರೆ ಬೋರ್ಡು ನೀರಿಗೆ ಒತ್ತಿಕೊಂಡು ಕೂತ್ಕೊಳ್ಳುತ್ತೆ. ಅವಳು ಹತ್ತಿದ್ರೆ ಅರ್ಧಕ್ಕರ್ಧ ನೀರಿನ ಮೇಲೇ ಇರುತ್ತೆ. ಗಾಳಿ ಬಂದು ಹೊಡಿಯೋಕೆ ಅಷ್ಟು ದೊಡ್ಡ ಗೋಡೆ ಕೊಟ್ಟಿದ್ದೀಯ.”

ಅವನು ತಲೆ ಕೆರೆದುಕೊಂಡ. ಅಷ್ಟರಲ್ಲಿ ಟೈಲರಮ್ಮ ತನ್ನ ಚೀಲದಿಂದ ಅಳತೆ ಟೇಪು ತೆಗೆದಿದ್ದಳು. ಕೆರೆಗೆ ಬಂದರೂ ಆ ಟೇಪು ಅವಳನ್ನು ಬಿಡುವುದಿಲ್ಲ. ಮೊಣಕಾಲೂರಿ ಬೋರ್ಡಿನ ಅಗಲ ಅಳೆದಳು. ಆಮೇಲೆ ಟೇಪಿನ ಒಂದು ತುದಿ ಮಗಳ ಕೈಗೆ ಕೊಟ್ಟು ತನ್ನ ಭುಜ ಅಳೆಸಿಕೊಂಡಳು.

“ನಡುವೆ ನಿಂತ್ರೆ ಅಂಚಿಗೆ ಹದಿನೇಳು ಇಂಚು. ನನ್ನ ಭುಜ ಏಳು ಇಂಚಿಗೇ ಮುಗಿದುಹೋಗುತ್ತೆ. ಇನ್ನು ಹತ್ತು ಇಂಚು ಆಚೆ ಬಾಗಿ ಹುಟ್ಟು ಹಾಕ್ಬೇಕು. ಅದಕ್ಕೇ ಅಕ್ಕಾ, ಹುಟ್ಟು ಓರೆಯಾಗಿ ಬೀಳ್ತಿತ್ತು.”

“ಓರೆ ಬಿದ್ರೆ ಬೋರ್ಡು ಸುತ್ತುತ್ತೆ, ಮುಂದೆ ಹೋಗಲ್ಲ.”

“ಊರಿಗೆಲ್ಲ ಅಳತೆ ತಗೋತೀನಿ. ಇವರ ಅಂಗಿ ನಾನು ಹಾಕ್ಕೊಂಡು ನಿಂತಿದ್ದೀನಿ, ನನಗೇ ಹೊಳೀಲಿಲ್ಲ ನೋಡಿ!” ಎಂದು ತನ್ನನ್ನೇ ಬೈದುಕೊಂಡಳು. ಅವಳಿಗೆ ನಗುವೂ ಬಂತು, ಅಳುವೂ ಬಂತು.

ನಾನು ದೋಣಿಮನೆಯಿಂದ ಇನ್ನೊಂದು ಬೋರ್ಡು ತಂದೆ. ಹತ್ತು ಅಡಿ ಉದ್ದ, ಮೂವತ್ತು ಇಂಚು ಅಗಲ, ದಪ್ಪ ಐದು ಇಂಚಿಗೂ ಕಡಿಮೆ. ಡ್ರೈವರಣ್ಣ ಅದನ್ನು ನೋಡಿ ಮೂಗು ಮುರಿದ.

“ಇದಾ? ಇದು ಮುಳುಗುತ್ತೆ.” ತೋರಿಸಿಯೇ ಬಿಡುತ್ತೇನೆ ಎಂದು ಅದನ್ನು ನೀರಿಗಿಳಿಸಿ ಹತ್ತಿ ನಿಂತ. ಬೋರ್ಡು ಒಂದು ಸಲ ಅತ್ತ, ಒಂದು ಸಲ ಇತ್ತ ಓಲಾಡಿತು. ಆಮೇಲೆ ಅವನು ದಡಾರನೆ ನೀರಿಗೆ ಬಿದ್ದ. ಕಡ್ಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ನೋಡಿದ್ರಾ? ನಾನು ಹೇಳ್ಲಿಲ್ವಾ?” ಎಂದ, ಬಾಯಿಂದ ನೀರು ಉಗುಳುತ್ತ.

“ನಿನಗೆ ಇದು ಚಿಕ್ಕದು, ಅವಳಿಗೆ ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ, ಸರಿ ಅಳತೆ. ಹಾಗಂತ ತೀರಾ ಸಣ್ಣದೂ ಬೇಡ. ಕಲಿಯೋರಿಗೆ ಒಂದಿಷ್ಟು ಅಗಲ ಇದ್ರೆ ಕಾಲು ನಡುಗಲ್ಲ. ಟೈಲರಮ್ಮ, ಎತ್ಕೋ ನೋಡೋಣ.”

ಅವಳು ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡಳು. ನಡುವಿನ ಹಿಡಿ ಅವಳ ಬೆರಳಿಗೆ ಸರಾಗವಾಗಿ ಸಿಕ್ಕಿತು. ಗೇಟಿನವರೆಗೆ ಹೋಗಿ, ಎಲ್ಲೂ ಇಳಿಸದೆ ವಾಪಸ್ ಬಂದಳು. ಹುಟ್ಟನ್ನು ಪಕ್ಕದಲ್ಲಿ ನಿಲ್ಲಿಸಿ, ಅವಳ ತಲೆಗಿಂತ ಒಂದು ಗೇಣು ಮೇಲಕ್ಕೆ ಬರುವಂತೆ ಗಿಡ್ಡ ಮಾಡಿ ಕೊಟ್ಟೆ. ಅಲ್ಲಿಯವರೆಗೆ ಪಾಪ, ಗಂಡನ ಎತ್ತರದ ಹುಟ್ಟನ್ನೇ ಹಿಡಿದು ಒದ್ದಾಡುತ್ತಿದ್ದಳು.

“ಕಡ್ಡಿಗೆ?” ಎಂದು ಕೇಳಿದ ಡ್ರೈವರಣ್ಣ. “ಅವಳು ಬೆಳೀತಾಳಲ್ಲ, ಈಗಲೇ ದೊಡ್ಡದಿದ್ರೆ ಒಳ್ಳೇದಲ್ವಾ?”

“ಬೆಳೆದ ಮೇಲೆ ಅಮ್ಮಂದು ಹತ್ತಲಿ. ಈಗ ಮೂವತ್ತು ಕಿಲೋಗೆ ಒಂಬತ್ತು ಅಡಿ, ಇಪ್ಪತ್ತೆಂಟು ಇಂಚು ಸಾಕು. ಗಾಳಿ ಅವಳು ಬೆಳೆಯೋವರೆಗೆ ಕಾಯಲ್ಲ.”

ಅವನು ಇನ್ನೂ ಪೂರ್ತಿ ಒಪ್ಪಲಿಲ್ಲ. “ಮುಂದಿನ ಭಾನುವಾರ ಗಾಳಿ ಹೊತ್ತಲ್ಲೇ ಇವಳು ಕೆರೆ ನಡುವೆ ತೇಲೋ ಆ ಕೆಂಪು ಡ್ರಮ್ಮು ಸುತ್ತಿ, ಯಾರೂ ಎಳೀದೆ ತಾನೇ ಬರ್ಲಿ. ಆಗ ನಂಬ್ತೀನಿ. ಇಲ್ಲಾಂದ್ರೆ ನನ್ನ ಮಾತೇ ಕೊನೆ.”

“ಆಗ್ಲಿ” ಎಂದಳು ಟೈಲರಮ್ಮ. ಅಷ್ಟೇ ಅಂದಳು.

ಭಾನುವಾರ ಬಂತು. ಅವಳು ಲೈಫ್ ಜಾಕೆಟಿನ ಪಟ್ಟಿಗಳನ್ನು ಬಿಗಿದುಕೊಂಡಳು. ದೋಣಿಮನೆಯ ಆ ಚಿಕ್ಕ ಬೋರ್ಡಿನ ಹಗ್ಗವನ್ನು ಕಾಲಿಗೆ ಕಟ್ಟಿಕೊಂಡಳು. ನಾನು ಮೋಟಾರು ದೋಣಿಯಲ್ಲಿ ಕುಳಿತು ದೂರದಲ್ಲಿ ಕಾಯುತ್ತಿದ್ದೆ. ಡ್ರಮ್ಮಿನವರೆಗೆ ಗಾಳಿಯೇ ಅವಳನ್ನು ಕೊಂಡೊಯ್ದಿತು. ಕಷ್ಟವೆಲ್ಲ ಇದ್ದದ್ದು ತಿರುಗಿ ಬರುವಾಗ. ಅರ್ಧ ದಾರಿಯಲ್ಲಿ ಜೋರು ಗಾಳಿ ಬೀಸಿತು. ಬೋರ್ಡು ನಿಂತುಬಿಟ್ಟಿತು. ನಾನು ಮೋಟಾರು ಚಾಲು ಮಾಡುವ ಹಗ್ಗಕ್ಕೆ ಕೈ ಹಾಕಿದೆ. ಅವಳು ನನ್ನ ಕಡೆ ನೋಡಿ ಬೇಡ ಎಂದು ತಲೆ ಆಡಿಸಿದಳು. ಮಂಡಿಯೂರಿ ಕುಳಿತಳು, ಹಲ್ಲು ಕಚ್ಚಿ ಹುಟ್ಟು ಹಾಕಿದಳು. ಬಲಕ್ಕೆ ಮೂರು, ಎಡಕ್ಕೆ ಮೂರು. ಹುಟ್ಟು ಅಂಚಿನ ಪಕ್ಕದಲ್ಲೇ ನೆಟ್ಟಗೆ ಇಳಿಯುತ್ತಿತ್ತು. ಬೋರ್ಡು ಗಾಳಿಯನ್ನು ಸೀಳಿಕೊಂಡು ಮುಂದೆ ಬಂತು. ದಂಡೆ ಹತ್ತಿರವಾದಾಗ ಅವಳು ಎದ್ದು ನಿಂತಳು, ಬೆನ್ನು ನೆಟ್ಟಗೆ ಮಾಡಿ.

ಡ್ರೈವರಣ್ಣ ಮೊಣಕಾಲುದ್ದ ನೀರಿಗೆ ಇಳಿದಿದ್ದ. ಬೋರ್ಡು ಹಿಡಿದುಕೊಳ್ಳಲು ಕೈ ಚಾಚಿದ. “ಸಾಕು ಬಾರೇ, ನಂಬಿದೆ. ನಿನಗೊಂದು, ಕಡ್ಡಿಗೊಂದು ತರೋಣ. ನೀವಿಬ್ಬರೂ ಹತ್ತಿ ನೋಡಿ ಹೇಳಿದ್ದನ್ನೇ ತರ್ತೀನಿ.”

“ಕೈ ತೆಗೀರಿ” ಎಂದಳು ಟೈಲರಮ್ಮ. “ಇನ್ನೊಂದು ಸುತ್ತು ಹೋಗಿ ಬರ್ತೀನಿ.” ಬೋರ್ಡು ತಿರುಗಿಸಿಕೊಂಡು ಹೊರಟೇಬಿಟ್ಟಳು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಹಗುರ ಮೈಯವರು ಇದ್ದಾರೆ. ಬೋರ್ಡು ಕೊಳ್ಳುವ ಮೊದಲು ಅವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ. ಅವರ ತೂಕಕ್ಕೆ ಹೊಂದುವ ಉದ್ದ, ಅಗಲ, ದಪ್ಪ ಕೇಳಿ. ಅವರೇ ಎತ್ತಿ ನೋಡಲಿ, ಸಾಧ್ಯವಾದರೆ ಬಾಡಿಗೆಗೆ ತಂದು ನೀರಿನಲ್ಲೂ ನೋಡಲಿ. ಜಾಕೆಟ್ಟು, ಕಾಲಿನ ಹಗ್ಗ ಇಲ್ಲದೆ ಯಾರನ್ನೂ ಬಿಡಬೇಡಿ. ಮತ್ತೆ ಮನೆಯವರು ಯಾರಾದರೂ ನೀರಿನಲ್ಲಿ ಸೋತು ಬಂದರೆ “ನಿನ್ನ ಕೈಲಾಗಲ್ಲ” ಎನ್ನುವ ಮೊದಲು, ಅವರ ಕಾಲ ಕೆಳಗೆ ನೀವು ಯಾರ ಅಳತೆಯ ಬೋರ್ಡು ಹಾಕಿದ್ದಿರಿ ಎಂದು ಒಮ್ಮೆ ನೋಡಿ.